ಹಿರೇಭಾಸ್ಕರದ ಅಣೆಕಟ್ಟೂ ನಮ್ಮ ಅದುರೂ

ಮಳೆ ತಪ್ಪಿದ ವರ್ಷಗಳ ಬೇಸಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ, ಶರಾವತಿಯ ಒಡಲಿನಿಂದ ಹಿರೇಭಾಸ್ಕರದ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. ನೋಡಿಬಂದವರು ಅದರ ಗಟ್ಟಿತನವನ್ನು ಕೊಂಡಾಡುವರು. ಅದನ್ನು ಕಟ್ಟಿದ ಉದ್ದೇಶವನ್ನು ವಿಚಾರಿಸುವವರು ವಿರಳ.

ಭದ್ರಾವತಿಯಲ್ಲಿ 1923ರಿಂದ ಕೆಮ್ಮಣ್ಣುಗುಂಡಿಯ ಅದುರು ಮಲೆನಾಡಿನ ಇದ್ದಿಲಿನಿಂದ ಕರಗುತ್ತಿತ್ತು. ಮೈಸೂರು ಸಂಸ್ಥಾನವು 1939ರಲ್ಲಿ ಕೈಗೊಂಡ ಜೋಗದ ವಿದ್ಯುತ್ ಯೋಜನೆಗೆ ನೀರನ್ನು ಕೂಡಿಟ್ಟುದು ಈ ಅಣೆಕಟ್ಟೇ. 1948ರಲ್ಲಿ ಜೋಗದ ವಿದ್ಯುದಾಗಾರವು ನಡೆಯತೊಡಗಿತು. 1950ರ ದಶಕದಲ್ಲಿ ಭದ್ರಾವತಿಯ ವಿದ್ಯುತ್ ಕುಲುಮೆಗಳು ಉರಿದವು. ನಾಡಿನ ನದಿಯೇ ನಾಡಿನ ಅದುರನ್ನು ಕಬ್ಬಿಣವಾಗಿಸಿತು.

1964ರಲ್ಲಿ ಲಿಂಗನಮಕ್ಕಿಯ ಜಲಾಶಯದೊಳಗೆ ಹಳೆಯ ಅಣೆಕಟ್ಟು ಮುಳುಗಿತು. ಹೆಚ್ಚಿನ ಶಕ್ತಿಗಾಗಿ ಚಿಕ್ಕ ಕಟ್ಟೆಯನ್ನು ಬಿಟ್ಟುಕೊಟ್ಟುದಕ್ಕೆ ನಾವು ಮರುಗುವುದಿಲ್ಲ; ನೆಲವನ್ನು ಕಳೆದುಕೊಂಡವರ ಋಣವು ಬೇರೆಯೇ ಮಾತು. ಮರುಗಬೇಕಾದುದು ಕುಲುಮೆಗಾಗಿ. ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಭಾರತೀಯ ಉಕ್ಕು ಪ್ರಾಧಿಕಾರವು 2023ರಲ್ಲಿ ಪ್ರಕಟಿಸಿತು. ಆ ಬಳಿಕ ಪುನರುಜ್ಜೀವನದ ಮಾತುಗಳು ಕೇಳಿಬಂದಿವೆ. ಸ್ವಂತ ಗಣಿಯಿಲ್ಲವೆಂಬುದೂ ಕಾರ್ಖಾನೆಯ ದುರವಸ್ಥೆಗೆ ಹೇಳಲಾದ ಕಾರಣಗಳಲ್ಲೊಂದು.

ತೆಂಗಿನ ಸೀಮೆಯವರಿಗೆ ಈ ಗೊಡವೆ ಏಕೆಂದು ಯಾರೂ ಕೇಳದಿರಲಿ. ಚಿಕ್ಕನಾಯಕನಹಳ್ಳಿಯ ಸುತ್ತಲಿನ ಗುಡ್ಡಗಳ ಅದುರಿನಿಂದ ನಮ್ಮವರು ಕಬ್ಬಿಣ ತೆಗೆಯುತ್ತಿದ್ದುದನ್ನು 1800ರಲ್ಲಿ ಇಲ್ಲಿ ಸಂಚರಿಸಿದ ಬುಕನನ್ ಸಾಹೇಬರು ಬರೆದಿಟ್ಟಿದ್ದಾರೆ. ಅಂದು ತಿದಿ ಊದಿ ಕಬ್ಬಿಣ ಮಾಡಿದ ಸೀಮೆಯಿಂದಲೇ ಈ ಶತಮಾನದ ಆರಂಭದಲ್ಲಿ ಅದುರು ಬರಿಯ ಮಣ್ಣಾಗಿ ಲಾರಿಗಳಲ್ಲಿ ಹೊರಟುಹೋಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ನಮಗೆ ಉಳಿದುದು ಧೂಳು ಮತ್ತು ಬಗೆದ ಗುಡ್ಡ.

ನಮ್ಮ ತೋಟಗಾರನು ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಉಂಡೆ ಕೊಬ್ಬರಿಯಾದ ಮೇಲೆಯೇ ತಿಪಟೂರಿನ ಪೇಟೆಗೆ ತರುತ್ತಾನೆ. ಸರಕನ್ನು ಹಸಿಯಾಗಿ ಮಾರಿದರೆ ದುಡಿಮೆಯ ಲಾಭವು ಪರರ ಪಾಲಾಗುವುದೆಂಬುದು ಅವನಿಗೆ ಗೊತ್ತು. ಅವನು ಬಲ್ಲ ಈ ನೀತಿಯನ್ನು ಸರ್ಕಾರವು ಅರಿಯದಿರಬಾರದು.

ಆದುದರಿಂದ ಗಣಿಯ ಅನುಮತಿಯ ಪ್ರಶ್ನೆ ಬಂದಾಗಲೆಲ್ಲ ಅಧಿಕಾರಿಗಳು ಎರಡು ಷರತ್ತುಗಳನ್ನು ವಿಧಿಸಲಿ. ಕೆರೆ, ತೋಟ, ಕಾಡುಗಳಿಗೆ ಕೇಡು ತಟ್ಟುವಲ್ಲಿ ಗುದ್ದಲಿ ಬೀಳಕೂಡದು. ತೆಗೆದ ಅದುರಿನ ಮೇಲೆ ಭದ್ರಾವತಿಯಂತಹ ನಾಡಿನ ಕುಲುಮೆಗಳಿಗೆ ಮೊದಲ ಹಕ್ಕಿರಬೇಕು. ಇವೆರಡನ್ನು ನಡೆಸಲಾಗದಿದ್ದರೆ ಅದುರು ಗುಡ್ಡದಲ್ಲಿಯೇ ಇರಲಿ. ಅದು ಅಲ್ಲಿ ಕೊಳೆಯುವುದಿಲ್ಲ. ಮುಂದಿನ ಪೀಳಿಗೆಗೆ ಒದಗುವುದು.