‘ಆದ್ಯ’ ಎಂಬ ಒಂದು ಪದ ಮತ್ತು ನಮ್ಮ ಕಾನೂನು ಲೇಖಕರು

ಕೌಟುಂಬಿಕ ಕಾನೂನನ್ನು ಕುರಿತು ವೃತ್ತಿಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಹೆಣ್ಣಿನ ಆಸ್ತಿಹಕ್ಕಿನ ಪ್ರಸ್ತಾಪ ಬಂದೊಡನೆ ಅವುಗಳಲ್ಲಿ ಬಹುಪಾಲು ಒಂದೇ ಮಾತಿನಿಂದ ತೊಡಗುತ್ತವೆ: ಮಿತಾಕ್ಷರವು ಸ್ತ್ರೀಗೆ ಪೂರ್ಣ ಒಡೆತನವನ್ನು ನಿರಾಕರಿಸಿತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದನ್ನು ಕೊಟ್ಟಿತು. ಉತ್ತರಾರ್ಧ ಸರಿ. ಪೂರ್ವಾರ್ಧವನ್ನು ಬರೆದವರು ಮಿತಾಕ್ಷರವನ್ನು ತೆರೆದು ನೋಡಿಲ್ಲವೆಂದೇ ಹೇಳಬೇಕಾಗಿದೆ.

ಮಿತಾಕ್ಷರವು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ವಿಜ್ಞಾನೇಶ್ವರನು ಅದನ್ನು ರಚಿಸಿದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಸ್ತ್ರೀಧನವನ್ನು ಹೇಳುವ ಸ್ಮೃತಿಶ್ಲೋಕವು ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದು ಮುಂತಾಗಿ ಎಣಿಸಿ ‘ಆದ್ಯ’ ಎಂದು ನಿಲ್ಲುತ್ತದೆ. ಈ ‘ಮೊದಲಾದ’ ಎಂಬಲ್ಲಿ ಏನೇನು ಸೇರುತ್ತದೆ? ದಾಯವಾಗಿ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ದೊರೆತದ್ದು, ಸ್ವಾಧೀನಪಡಿಸಿಕೊಂಡದ್ದು, ಸಿಕ್ಕಿದ್ದು ಎಲ್ಲವೂ ಎಂದು ವಿಜ್ಞಾನೇಶ್ವರನ ಉತ್ತರ. ಸ್ತ್ರೀಧನವೆಂಬುದು ಯೌಗಿಕ ಶಬ್ದ, ಪಾರಿಭಾಷಿಕವಲ್ಲ. ಅವಯವಾರ್ಥ ಹೊಂದುವಲ್ಲಿ ಪರಿಭಾಷೆಯನ್ನು ಹೇರುವುದು ಯುಕ್ತವಲ್ಲ ಎಂಬುದು ಅವನ ವಾದ. ಸ್ತ್ರೀಯ ಧನವೆಲ್ಲ ಸ್ತ್ರೀಧನವೇ. ಶಬ್ದಾರ್ಥವಿಚಾರವನ್ನು ಪಾಠ ಹೇಳುವ ನಮ್ಮಂಥವರು ಉದಾಹರಣೆಗೆ ಕಾವ್ಯವನ್ನೇ ಹುಡುಕುತ್ತೇವೆ. ಇಲ್ಲಿ ಒಂದು ಯೌಗಿಕಾರ್ಥದ ಮೇಲೆ ಹೊಲಮನೆಗಳ ಒಡೆತನ ನಿಂತಿದೆ.

ಕೋಲ್‌ಬ್ರೂಕ್ 1810ರಲ್ಲಿ ಪ್ರಕಟಿಸಿದ ದಾಯಪ್ರಕರಣದ ಇಂಗ್ಲಿಷ್ ಅನುವಾದದಲ್ಲಿ ಈ ಭಾಗ ಸರಿಯಾಗಿಯೇ ಇದೆ. ಆದರೂ 1867ರಲ್ಲಿ ಭಗವಾನ್‌ದೀನ್ ದುಬೆ ವಿರುದ್ಧ ಮೈನಾ ಬಾಯಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ಲು, ಗಂಡನಿಂದ ದಾಯವಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನವಲ್ಲ ಎಂದಿತು. ಅವಳ ಬಳಿಕ ಅದು ಗಂಡನ ವಾರಸುದಾರರಿಗೆ ಮರಳಬೇಕು. ಅಲ್ಲಿಂದ 1956ರ ಕಾಯ್ದೆಯ 14ನೆಯ ಕಲಮು ಬರುವ ತನಕ ನಡೆದದ್ದು ‘ಸೀಮಿತ ಹಕ್ಕು’. ಅದೂ ಎಲ್ಲೆಡೆ ಏಕರೂಪವಾಗಿರಲಿಲ್ಲ. ಮುಂಬಯಿ ಪ್ರಾಂತದ ಧಾರವಾಡದಲ್ಲಿ ತಂದೆಯ ಆಸ್ತಿಗೆ ವಾರಸಾದ ಮಗಳು ಪೂರ್ಣ ಒಡತಿ. ಮದರಾಸು ಪ್ರಾಂತದ ಬಳ್ಳಾರಿಯಲ್ಲಿ ಅಂಥದೇ ಮಗಳು ಸೀಮಿತ ಹಕ್ಕುದಾರಳು. ಎರಡು ಕಡೆಯೂ ಮಿತಾಕ್ಷರದ್ದೇ ಹೆಸರು! ಮೈಸೂರು ಸಂಸ್ಥಾನವು 1933ರ ಕಾಯ್ದೆಯಲ್ಲಿ ದಾಯವಾಗಿ ಬಂದ ಕೆಲವು ಬಗೆಯ ಆಸ್ತಿಯನ್ನೂ ಸ್ತ್ರೀಧನದೊಳಗೆ ತಂದಿತು.

ವಿಜ್ಞಾನೇಶ್ವರನನ್ನು ಸ್ತ್ರೀವಾದಿಯೆಂದು ಮೆರೆಸುವ ಉದ್ದೇಶ ನನಗಿಲ್ಲ. ಪಿತ್ರಾರ್ಜಿತದಲ್ಲಿ ಜನ್ಮತಃ ಸ್ವತ್ವ ಅವನಲ್ಲಿ ಗಂಡುಸಂತತಿಗೆ ಮಾತ್ರ. ವಿಧವೆ ವಾರಸಾಗಬೇಕಾದರೆ ಗಂಡ ವಿಭಕ್ತನಾಗಿ, ಪುತ್ರಹೀನನಾಗಿ ಸತ್ತಿರಬೇಕು, ಅವಳು ಪತಿವ್ರತೆಯಾಗಿರಬೇಕು. ಇವನ್ನೆಲ್ಲ ಟೀಕಿಸಲಿ. ಆದರೆ ಅವನು ಮಾಡಿದ ತಪ್ಪಿಗೆ ಅವನನ್ನು ಹಿಡಿಯಬೇಕೇ ಹೊರತು ಲಂಡನ್ನಿನ ತೀರ್ಪಿಗಲ್ಲ.

ಇಷ್ಟನ್ನೇ ಬರೆದು ಒಂದು ವೃತ್ತಿಪತ್ರಿಕೆಗೆ ಕಳುಹಿಸಿದೆ. ತೀರ್ಪುಗಳನ್ನು ಉಳಿಸಿಕೊಂಡು ಮೂಲಪಾಠದ ಚರ್ಚೆಯನ್ನು ಕೈಬಿಡಿ, ವಕೀಲರಿಗೆ ವ್ಯಾಕರಣ ಬೇಡ ಎಂಬ ಉತ್ತರ ಬಂತು. ಹಳೆಯ ಶಾಸ್ತ್ರ ಈಗ ನಿರುಪಯುಕ್ತ ಎಂಬ ಮಾತೂ ಜೊತೆಗಿತ್ತು. ಉತ್ತರಾಧಿಕಾರ ಕಾಯ್ದೆಯ 6ನೆಯ ಕಲಮು ಇಂದಿಗೂ ಮಿತಾಕ್ಷರವನ್ನು ಹೆಸರಿಸಿಯೇ ಮಾತನಾಡುತ್ತದೆ. 2005ರ ತಿದ್ದುಪಡಿ ಮಗಳನ್ನು ಸಹದಾಯಾದಿಯಾಗಿಸಿತು. ಆ ಹಕ್ಕು ಅವಳಿಗೆ ಹುಟ್ಟಿನಿಂದಲೇ ಬರುವುದರಿಂದ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಈ ಜನ್ಮಸ್ವತ್ವವಾದ ಯಾರದು? ಅದೇ ಕಲ್ಯಾಣದ ವ್ಯಾಖ್ಯಾನಕಾರನದು. ನಿರುಪಯುಕ್ತವೆಂದವರು ದಿನವೂ ಅವನ ವಾದದ ಮೇಲೆಯೇ ದಾವೆ ಹೂಡುತ್ತಿದ್ದಾರೆ.

ವಕೀಲರ ಅಲಕ್ಷ್ಯವನ್ನು ಕ್ಷಮಿಸಬಹುದು. ಅವರಿಗೆ ಮುಂದಿನ ವಾಯಿದೆಯ ಚಿಂತೆ. ಶಾಸನಗಳಲ್ಲಿನ ಸ್ತ್ರೀದಾನಗಳನ್ನು ಕುರಿತ ಕನ್ನಡ ಸಂಶೋಧನ ಪ್ರಬಂಧವೊಂದು ಈಚೆಗೆ ನನ್ನ ಬಳಿ ಬಂದಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಅಧ್ಯಾಯದಲ್ಲಿ ಅದೇ ವಾಕ್ಯ: ಮಿತಾಕ್ಷರವು ಸ್ತ್ರೀಗೆ ಪೂರ್ಣ ಒಡೆತನವನ್ನು ನಿರಾಕರಿಸಿತ್ತು. ಅಡಿಟಿಪ್ಪಣಿಯಲ್ಲಿ ಒಂದು ಕಾನೂನು ಪತ್ರಿಕೆಯ ಲೇಖನವಿತ್ತು. ಗ್ರಂಥಋಣದಲ್ಲಿ ವಿಜ್ಞಾನೇಶ್ವರನ ಹೆಸರಿರಲಿಲ್ಲ.