ಗೇರ್ ಬೀಳಲ್ಲ ಅಂದ ತಕ್ಷಣ ಗೇರ್ ಬಾಕ್ಸ್ ಬಿಚ್ಚಿಸಬ್ಯಾಡ್ರಿ

ಇವತ್ತು ಬೆಳೆ ವಿಷಯ ಅಲ್ಲ, ಟ್ರ್ಯಾಕ್ಟರ್ ವಿಷಯ. ಸ್ವಲ್ಪ ಉದ್ದ ಐತೆ, ಪೂರ್ತಿ ಓದಿ. ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಹೋದ ಮುಂಗಾರಲ್ಲಿ ಮೆಕ್ಕೆಜೋಳ ಬಿತ್ತನೆಗೆ ಹದ ಬಂದ ದಿನಾನೇ ನನ್ನ ಗಾಡಿ ಗೇರ್ ಬೀಳದೆ ನಿಂತಿತು. ಲಿವರ್ ತಳ್ಳಿದ್ರೆ ಕರಕರ ಸದ್ದು. ಪೇಟೆ ಗ್ಯಾರೇಜಿನವರು ಬಂದು ಲಿವರ್ ಎರಡು ಸಲ ಅಲ್ಲಾಡಿಸಿ, "ಗೇರ್ ಬಾಕ್ಸ್ ಹೋಗೈತೆ ಯಜಮಾನ್ರೆ, ಬಿಚ್ಚಬೇಕು" ಅಂದ್ರು. ನಾನೂ ಹೂಂ ಅಂದೆ. ಆರು ದಿನ ಗಾಡಿ ಎರಡು ಭಾಗ ಆಗಿ ಬಿದ್ದಿತ್ತು. ಬಿಲ್ಲು 18,000. ಮನೆಗೆ ತಂದ ಮೂರನೇ ದಿನ ಮತ್ತೆ ಅದೇ ಕರಕರ. ಕೊನೆಗೆ ಹಿಂದೆ ಲಾರಿ ಓಡಿಸ್ತಿದ್ದ ನಮ್ಮೂರ ಹಿರಿಯರೊಬ್ಬರು ಪೆಡಲ್ ಕೆಳಗೆ ಬಗ್ಗಿ ನೋಡಿ, ಕ್ಲಚ್ ರಾಡಿನ ಪಿನ್ನು ಸವೆದು ತೂತು ಅಗಲ ಆಗಿರೋದನ್ನ ತೋರಿಸಿದರು. ಪಿನ್ನು ಬದಲಾಯಿಸಿ, ರಾಡು ಅಳತೆಗೆ ಕಟ್ಟಿದ ಮೇಲೆ ಗೇರ್ ಸಲೀಸಾಗಿ ಬಿತ್ತು. ಬೆಟ್ಟ ಅಗೆದು ಇಲಿ ಹಿಡಿದಂಗೆ ಅಂತಾರಲ್ಲ, ಇಲ್ಲಿ ಬೆಟ್ಟ ಅಗೆದವರಿಗೆ ಇಲಿನೂ ಸಿಕ್ಕಿರಲಿಲ್ಲ.

ದುಡ್ಡು ಹೋದ್ರೆ ಇನ್ನೊಂದು ಬೆಳೆಯಲ್ಲಿ ದುಡಿಬಹುದು. ಹದ ಹೋದ್ರೆ ಯಾವ ಗ್ಯಾರೇಜು ತಂದುಕೊಡ್ತದೆ? ನಮ್ಮ ಹೊಳಲ್ಕೆರೆ ಮೆಕ್ಕೆಜೋಳ ಇರಲಿ, ಹೊಸದುರ್ಗದ ಸಾವೆ ರಾಗಿ ಇರಲಿ, ಹಿರಿಯೂರಿನ ಶೇಂಗಾ ಇರಲಿ, ಮಳೆ ನಂಬಿದ ಹೊಲಕ್ಕೆ ಹದ ಅನ್ನೋದು ನಾಲ್ಕೇ ದಿನ.

ಅದಕ್ಕೆ ಖಡಾಖಂಡಿತವಾಗಿ ಹೇಳ್ತೀನಿ: ಮೊದಲು ಈ ಪರೀಕ್ಷೆ ಮಾಡದೆ ಗೇರ್ ಬಾಕ್ಸಿನ ಒಂದು ಬೋಲ್ಟು ಬಿಚ್ಚಕ್ಕೂ ಬಿಡಬ್ಯಾಡ್ರಿ.

ಗಾಡಿನ ಸಮನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ಯಾವುದಾದ್ರೂ ಬೀಳದಿದ್ರೆ ನ್ಯೂಟ್ರಲ್ಲಿಗೆ ತಂದು ಗಾಡಿನ ಸ್ವಲ್ಪ ಅಲ್ಲಾಡಿಸಿ ಮತ್ತೆ ಹಾಕಿ. ಆಫ್ ಇದ್ದಾಗ ಎಲ್ಲಾ ಗೇರೂ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಮಾತ್ರ ಕರಕರ ಅಂದ್ರೆ ಮೊದಲ ಅನುಮಾನ ಕ್ಲಚ್ ಮೇಲೆ, ಗೇರ್ ಬಾಕ್ಸ್ ಮೇಲಲ್ಲ. ಕ್ಲಚ್ ಪೂರ್ತಿ ಬಿಡಿಸ್ತಿಲ್ಲ, ಒಳಗೆ ಹಲ್ಲು ತಿರುಗ್ತಾನೇ ಐತೆ. ತಿರುಗೋ ಹಲ್ಲಿಗೆ ನಿಂತ ಹಲ್ಲು ಹೆಂಗೆ ಸೇರ್ತದೆ? ಆಫ್ ಇದ್ದಾಗಲೂ ಬಿಗಿ ಅಂದ್ರೆ ಮಾತ್ರ ಲಿವರ್, ಗೇರ್ ಫೋರ್ಕು, ಬಾಕ್ಸು ನೋಡೋ ಮಾತು.

ಕ್ಲಚ್ ಅಂತ ಗೊತ್ತಾದ್ರೂ ನೇರ ಪ್ಲೇಟಿಗೆ ಹೋಗಬ್ಯಾಡ್ರಿ. ಮೊದಲು ಪೆಡಲ್ಲಿನ ಫ್ರೀ ಪ್ಲೇ, ಅಂದ್ರೆ ಬಿಗಿ ಸಿಗೋ ತನಕ ಪೆಡಲ್ ಎಷ್ಟು ಖಾಲಿ ಇಳಿತದೆ ಅಂತ ಅಳೀರಿ. ಸುಮಾರು ಒಂದು ಇಂಚು ಇರ್ತದೆ, ನಿಮ್ಮ ಗಾಡಿದು ಕಂಪನಿ ಪುಸ್ತಕದಲ್ಲಿ ಐತೆ. ಜಾಸ್ತಿ ಆದ್ರೆ ಕ್ಲಚ್ ಬಿಡಿಸಲ್ಲ, ಗೇರ್ ಬೀಳಲ್ಲ. ಕಮ್ಮಿ ಆದ್ರೆ ಕ್ಲಚ್ ಜಾರ್ತದೆ, ಪ್ಲೇಟು ಸುಡ್ತದೆ. ಆಮೇಲೆ ರಾಡು, ಪಿನ್ನು. ಆಮೇಲೆ ಗೇರ್ ಆಯಿಲ್: ಹಾಲಿನಂಗೆ ಬೆಳ್ಳಗಾಗಿದ್ರೆ ನೀರು ಸೇರೈತೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಾದ್ರೆ ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರಬಹುದು. ಇಷ್ಟೂ ಸರಿ ಇದ್ದ ಮೇಲೆ ಬಿಚ್ಚೋ ಮಾತು.

"ಗಾಡಿ ಚಿಂತೆ ನಮಗೆ ಬಿಡಿ, ನೀವು ಹೊಲ ನೋಡ್ಕಳಿ" ಅನ್ನೋ ಮೆಕ್ಯಾನಿಕ್ ಅದಾರೆ. ಸ್ವಾಮಿ, ಸಾಲದ ಕಂತು ಕಟ್ಟೋನು ನಾನು. ಯಾಕೆ ಬಿಚ್ಚಬೇಕು ಅಂತ ಕೇಳೋದು ಅವಮಾನ ಅಲ್ಲ, ನನ್ನ ಹಕ್ಕು. ಒಳ್ಳೆ ಮೆಕ್ಯಾನಿಕ್ಕು ಕೇಳಿದ್ರೆ ಕರೆದು ತೋರಿಸ್ತಾನೆ. ಬದಲಾಯಿಸಿದ ಹಳೇ ಸಾಮಾನು ಕೈಗೆ ಕೊಡಲ್ಲ ಅನ್ನೋನ ಹತ್ರ ಎರಡನೇ ಸಲ ಹೋಗಬ್ಯಾಡ್ರಿ.

ಹಂಗಂತ ಬರೀ ಗ್ಯಾರೇಜಿನವರನ್ನ ಬೈದು ಕೈ ತೊಳ್ಕಳಕ್ಕೆ ಆಗಲ್ಲ. ಅರ್ಧ ತಪ್ಪು ನಮ್ಮದೇ. ಹೊಲದ ಈ ಬದುವಿಂದ ಆ ಬದುವಿನ ತನಕ ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀವಿ. ಅದರಿಂದ ರಿಲೀಸ್ ಬೇರಿಂಗೂ ಪ್ಲೇಟೂ ಸವೀತವೆ. ಹಳೇ ಗಾಡಿಗಳಲ್ಲಿ ಪೂರ್ತಿ ನಿಲ್ಲಿಸದೆ ಗೇರ್ ಬದಲಾಯಿಸ್ತೀವಿ. ಡಬಲ್ ಕ್ಲಚ್ ಗಾಡಿಯಲ್ಲಿ ಅರ್ಧ ಒತ್ತಿದ್ರೆ ಗಾಡಿ ನಿಲ್ತದೆ, ಪೂರ್ತಿ ಒತ್ತಿದ್ರೇನೇ ಪಿಟಿಒ ನಿಲ್ಲೋದು. ರೋಟವೇಟರ್ ಹಾಕುವಾಗ ಅರ್ಧ ಒತ್ತಿ ಲಿವರ್ ಎಳೆದ್ರೆ ಕರಕರ ಅನ್ನದೆ ಇನ್ನೇನು ಅಂತದೆ? ಕುಣಿಯಲಾರದವಳು ನೆಲ ಡೊಂಕು ಅಂದಂಗೆ, ಓಡಿಸಕ್ಕೆ ಕಲೀದೆ ಕಂಪನಿ ಬೈತೀವಿ.

ಲಕ್ಷಾಂತರ ರೂಪಾಯಿ ಗಾಡಿ ತಗೊಂಡು ಅದರ ಪುಸ್ತಕ ಪ್ಲಾಸ್ಟಿಕ್ ಕವರಲ್ಲೇ ಇಟ್ಟೀವಿ. ಪಕ್ಕದ ಅನಂತಪುರ ಜಿಲ್ಲೆ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆನೇ ಐತೆ, ನಮ್ಮಲ್ಲಿ ಎಷ್ಟು ಜನ ಮಕ್ಕಳನ್ನ ಕಳಿಸಿದೀವಿ? ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಬೀಜ, ಗೊಬ್ಬರ, ರೋಗ ಅಂತ ಹೋಗ್ತೀವಲ್ಲ, ಮುಂಗಾರಿಗೆ ಮುಂಚೆ ಟ್ರ್ಯಾಕ್ಟರ್ ಬಗ್ಗೆ ಒಂದು ದಿನದ ತರಬೇತಿ ಕೊಡಿ ಅಂತ ನಾಲ್ಕೂರಿನವರು ಸೇರಿ ಅರ್ಜಿ ಕೊಡೋಣ. ನಾನಂತೂ ಕೊಡ್ತೀನಿ. ಬರೋರು ಕಾಮೆಂಟಲ್ಲಿ ಊರ ಹೆಸರು ಹಾಕಿ.

ಅಲ್ಲಿ ತನಕ ಒಂದೇ ಕೆಲಸ: ನಾಳೆ ಬೆಳಿಗ್ಗೆ ಗಾಡಿ ಹತ್ತೋ ಮುಂಚೆ ಕ್ಲಚ್ ಪೆಡಲ್ ಕೈಯಲ್ಲಿ ಒತ್ತಿ ಅಳತೆ ನೋಡಿ. ನಾನು ಅವತ್ತು ಇಷ್ಟು ಮಾಡಿದ್ರೆ 18,000 ಉಳೀತಿತ್ತು, ಹದಾನೂ ಸಿಗ್ತಿತ್ತು.