ಹೆದ್ದಾರಿಗೆ ಒಡೆಯರಾರು?

ಕುಮಟೆಯಿಂದ ಉತ್ತರಕ್ಕೆ ಹೊರಟು ದಿವಗಿಯ ಸೇತುವೆಯನ್ನು ದಾಟಿದ ಮೋಟಾರು ಮಿರ್ಜಾನದ ಪೇಟೆಯನ್ನು ಕೆಲವೇ ನಿಮಿಷಗಳಲ್ಲಿ ಹಾದುಹೋಗುವದು. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಹಬ್ಬಿರುವ ಈ ರಾಷ್ಟ್ರೀಯ ಹೆದ್ದಾರಿಗೆ ಹಿಂದೆ 17 ಎಂಬ ಅಂಕವಿತ್ತು, ಈಗ 66 ಎಂಬುದಿದೆ. ಘಟ್ಟದ ಮೆಣಸು ಇಳಿದುಬಂದು ಹಡಗನ್ನೇರುತ್ತಿದ್ದ ಈ ಊರಿಗೆ ಸಂಚಾರವೇನೂ ಹೊಸದಲ್ಲ. ಆದರೆ ಅಂದಿನ ಹೇರೆತ್ತು ಮನುಷ್ಯನನ್ನು ಕಂಡು ನಿಲ್ಲುತ್ತಿತ್ತು. ಇಂದಿನ ಹದಿನಾಲ್ಕು ಗಾಲಿಯ ಲಾರಿ ನಿಲ್ಲುವದಿಲ್ಲ.

ಸಂಚಾರದ ಕಾಯಿದೆಯು ನಮ್ಮಲ್ಲಿ ನಿಜವಾಗಿ ಅಮಲಿನಲ್ಲಿದೆಯೇ ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡಬೇಕಾಗಿದೆ. ಅಮಲಬಜಾವಣೆಯೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವದು ಒಂದೇ ಚಿತ್ರ: ಕುಮಟೆಯ ಗಿಬ್ ಸರ್ಕಲ್ಲಿನಲ್ಲಿಯೋ, ಹೊನ್ನಾವರದ ಶರಾವತಿ ಸರ್ಕಲ್ಲಿನಲ್ಲಿಯೋ, ಭಟಕಳದ ಶಂಸುದ್ದೀನ್ ಸರ್ಕಲ್ಲಿನಲ್ಲಿಯೋ ನಿಂತ ಪೋಲೀಸನು, ಅವನ ಎದುರಿಗೆ ಬರಿದಲೆಯ ದ್ವಿಚಕ್ರ ಸವಾರನು. ಶಿರಸ್ತ್ರಾಣವು ಬೇಡವೆಂದು ನಾವು ಹೇಳುತ್ತಿಲ್ಲ. ಒಡೆದ ತಲೆಗೆ ಯಾವ ಸರಕಾರವೂ ಪರಿಹಾರವನ್ನು ಕೊಡಲಾರದು. ಆದರೆ ಸರ್ಕಲ್ಲು ಬರುವಾಗ ತಲೆಗೇರಿ, ಸರ್ಕಲ್ಲು ದಾಟಿದೊಡನೆ ತೋಳಿಗಿಳಿಯುವ ಶಿರಸ್ತ್ರಾಣವು ಪೋಲೀಸನ ಭಯವನ್ನು ತೋರಿಸುವದೇ ಹೊರತು ಕಾಯಿದೆಯ ಗೌರವವನ್ನಲ್ಲ.

ಈ ಭಯವನ್ನಾದರೂ ಸರಕಾರವು ಉಳಿಸಿಕೊಂಡಿತೆ? 2019ರ ತಿದ್ದುಪಡಿಯಿಂದ ಕೇಂದ್ರವು ಬರಿದಲೆಯ ಸವಾರನಿಗೆ 1000 ರೂಪಾಯಿಗಳ ದಂಡವನ್ನು ವಿಧಿಸಿತು. ಅದೇ ವರ್ಷದ ಸಪ್ಟಂಬರ ತಿಂಗಳಲ್ಲಿ ನಮ್ಮ ರಾಜ್ಯವು ಅದನ್ನು 500ಕ್ಕೆ ಇಳಿಸಿತು. ಬಡವನ ಕಿಸೆಯನ್ನು ನೋಡಿ ಮಾಡಿದ್ದೆಂದು ಅದನ್ನಾದರೂ ಒಪ್ಪಬಹುದು. ಆದರೆ 2023ರ ಫೆಬ್ರುವರಿಯಲ್ಲಿ ಬಾಕಿ ಉಳಿದ ದಂಡಗಳನ್ನು ಅರ್ಧ ಕೊಟ್ಟು ತೀರಿಸಿರೆಂದು ಸಾರಿ, 2025ರಲ್ಲಿ ಮತ್ತೆ ಅದನ್ನೇ ಸಾರಿದುದನ್ನು ಏನೆನ್ನಬೇಕು? ಆ ದಿನವೇ ಪೂರಾ ತೆತ್ತವನು ಮೂರ್ಖನಾದನು; ತೆರದೆ ಕುಳಿತವನು ಜಾಣನಾದನು. ಸಂತೆಯ ವ್ಯಾಪಾರಕ್ಕೆ ತಕ್ಕ ನೀತಿಯು ನ್ಯಾಯಕ್ಕೆ ತಕ್ಕುದಲ್ಲ. ಅಪರಾಧವನ್ನು ತಡೆಯುವದು ದಂಡದ ಮೊತ್ತವಲ್ಲ, ಅದು ತಪ್ಪದೆ ಬಂದೀತೆಂಬ ನಿಶ್ಚಯ.

ಅಂಥ ನಿಶ್ಚಯವು ಅಸಾಧ್ಯವೆಂದು ಯಾರೂ ಹೇಳಕೂಡದು. ಇದೇ ತಾಲೂಕಿನ ಹೊಳೆಗದ್ದೆಯ ಸುಂಕದ ಕಟ್ಟೆಯನ್ನು ನೋಡಿರಿ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಸುಂಕಕ್ಕೆ ಒಳಪಟ್ಟ ಲಾರಿ ಕಾರುಗಳ ಲೆಕ್ಕವನ್ನು ಯಂತ್ರವು ಕ್ಷಣಾರ್ಧದಲ್ಲಿ ಹಿಡಿಯುತ್ತದೆ. ಹಣವನ್ನು ಎಣಿಸುವದರಲ್ಲಿ ಇಷ್ಟು ಎಚ್ಚರವಾಗಿರುವ ಯಂತ್ರಕ್ಕೆ ಊರೊಳಗಿನ ವೇಗವನ್ನು ಅಳೆಯುವಾಗ ಮಾತ್ರ ನಿದ್ರೆಯೇಕೆ? ಹೆದ್ದಾರಿಗಳಲ್ಲಿ ವಿದ್ಯುನ್ಮಾನ ಕಾವಲನ್ನು ಇಡುವ ಹೊಣೆಯನ್ನು ಮೋಟಾರು ವಾಹನ ಕಾಯಿದೆಯ 136-ಎ ಕಲಮು ರಾಜ್ಯ ಸರಕಾರದ ಮೇಲೆಯೇ ಹೊರಿಸಿದೆ. (ದ್ವಿಚಕ್ರದವನು ಸುಂಕವನ್ನು ತೆರಬೇಕಾಗಿಲ್ಲ, ಅದಕ್ಕಾಗಿಯೇ ಸರ್ಕಲ್ಲಿನಲ್ಲಿ ಅವನನ್ನು ಕಾಯುವರೋ ಏನೋ!)

ಈ ಉಪೇಕ್ಷೆಯ ಮೂಲವು ಇನ್ನೂ ಆಳದಲ್ಲಿದೆ. ರಸ್ತೆಯು ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು, ಕೆಲಸ ಗುತ್ತೆದಾರನದು, ದಂಡ ಪೋಲೀಸರದು, ಪರವಾನಿಗೆ ಸಾರಿಗೆ ಇಲಾಖೆಯದು, ರಸ್ತೆಯನ್ನು ದಾಟಬೇಕಾದ ಮಕ್ಕಳು ಮಾತ್ರ ಊರಿನವರು. ಕನ್ನಡಿಗರಿಗೆ ಈ ರೋಗದ ಪರಿಚಯವಿಲ್ಲದಿಲ್ಲ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಅಂಟಿಸಿದಂದಿನಿಂದ, ಭಟಕಳವನ್ನು ದಾಟಿ ತೆಂಕಕ್ಕೆ ನಡೆದ ಕನ್ನಡಿಗನು ತನ್ನ ನಾಡಿನಲ್ಲಿಯೇ ಇನ್ನೊಂದು ಸರಕಾರದ ಸೀಮೆಯನ್ನು ಹೊಗುತ್ತಿದ್ದನು. ಹಲವು ಒಡೆಯರಿದ್ದಲ್ಲಿ ಅಹವಾಲನ್ನು ಕೇಳುವವನೊಬ್ಬನೂ ಇರುವದಿಲ್ಲವೆಂಬುದನ್ನು ಅನುಭವಿಸಿಯೇ ನಾವು ಏಕೀಕರಣವನ್ನು ಬೇಡಿದೆವು. 1956ರ ನವಂಬರ 1ರಂದು ಅದನ್ನು ಪಡೆದೆವು. ನಾಡು ಒಂದಾಯಿತು, ಮಿರ್ಜಾನದ ಪೇಟೆಯ ಅರ್ಧ ಮೈಲು ರಸ್ತೆಯ ಆಡಳಿತವು ಒಂದಾಗಿಲ್ಲ.

ಇದರ ಬೆಲೆಯು ಅಲ್ಪವಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. 2015ರ ಸಪ್ಟಂಬರ 1ರಂದು ಇದೇ ತಾಲೂಕಿನ ಬರ್ಗಿಯಲ್ಲಿ ಅನಿಲದ ಟ್ಯಾಂಕರು ಮಗುಚಿ ಬೆಂಕಿ ಹತ್ತಿದಾಗ, ಹೆದ್ದಾರಿಯ ಅಂಚಿನಲ್ಲಿ ಮನೆ ಕಟ್ಟಿಕೊಂಡುದಲ್ಲದೆ ಬೇರಾವ ತಪ್ಪನ್ನೂ ಮಾಡದವರು ಬೆಂದರು. ಆ ಬಡವರಿಗೆ ಯಾವ ಶಿರಸ್ತ್ರಾಣವು ರಕ್ಷೆಯಾಗುತ್ತಿತ್ತು?

ರಸ್ತೆಯನ್ನು ನಿಯಮದಂತೆ ಕಟ್ಟದ, ಕಾಯದ ಅಧಿಕಾರಿಗೂ ಗುತ್ತೆದಾರನಿಗೂ ಅದರಿಂದ ಸಾವು ನೋವು ಸಂಭವಿಸಿದರೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸುವ 198-ಎ ಎಂಬ ಕಲಮು 2019ರ ತಿದ್ದುಪಡಿಯಲ್ಲಿಯೇ ಇದೆ. ಶಿರಸ್ತ್ರಾಣದ ಕಲಮು ಹಸುಮಗುವಿಗೂ ಗೊತ್ತು. ಇದನ್ನು ಬಲ್ಲವರೆಷ್ಟು ಮಂದಿ? ನಮ್ಮ ಶಿಕ್ಷಕ ಬಂಧುಗಳು ಮೊದಲನೆಯದನ್ನು ಮಕ್ಕಳಿಗೆ ಹೇಳಿಕೊಡುವಾಗ ಎರಡನೆಯದನ್ನು ಅವರ ತಂದೆಗಳಿಗೆ ಹೇಳಿಕೊಡಬೇಕೆಂದು ಕೋರುತ್ತೇವೆ.

ಜಿಲ್ಲೆಯ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರು ಒಂದು ಸಭೆಯನ್ನು ಕಾರವಾರದ ಕಚೇರಿಯಲ್ಲಲ್ಲ, ಮಿರ್ಜಾನದಲ್ಲಿಯೇ, ಶಾಲೆ ಬಿಡುವ ಹೊತ್ತಿಗೆ ಕರೆಯಲಿ. ಭಟಕಳದಿಂದ ಮಿರ್ಜಾನದವರೆಗಿನ ಪ್ರತಿಯೊಂದು ದಾಟುದಾರಿಯಲ್ಲಿ, ಅದರ ಹೊಣೆ ಯಾವ ಅಧಿಕಾರಿಯದು, ದೂರನ್ನು ಎಲ್ಲಿ ಸಲ್ಲಿಸಬೇಕು, ಎಷ್ಟು ದಿನಗಳಲ್ಲಿ ಉತ್ತರ ದೊರೆಯುವದು ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ನಿಲ್ಲಿಸಲಿ. ಮಿರ್ಜಾನದ ಮೊದಲನೆಯ ಫಲಕವು ಬರುವ ಮಳೆಗಾಲಕ್ಕೆ ಮುಂಚೆ ನಿಲ್ಲತಕ್ಕದ್ದು.